ಆಗಸ್ಟ್‌ನಲ್ಲೇ ಮುಗಿದುಹೋಗುವ ಚುನಾವಣೆ

2022ರ ಆಗಸ್ಟ್ 2, ಮಂಗಳವಾರ. ಇಲ್ಲಿ, ಅಮೆರಿಕದ ಮಿಷಿಗನ್‌ನಲ್ಲಿ, ಬೂತ್ ತೆರೆಯುವುದು ಬೆಳಿಗ್ಗೆ ಏಳಕ್ಕೆ. ಆಫೀಸಿಗೆ ಹೋಗುವ ಮೊದಲೇ ವೋಟು ಹಾಕಿಬಿಡೋಣ ಅಂತ ಹೊರಟಿದ್ದೆ. ಕಾರು ಹತ್ತುವ ಹೊತ್ತಿಗೆ ಅಪ್ಪನ ಫೋನ್ ಬಂತು. ಅವರಿಗೆ ಆಗ ಸಂಜೆ ನಾಲ್ಕೂವರೆ, ಕಾಫಿ ಸಮಯ.

"ಏನಮ್ಮಾ, ಇಷ್ಟು ಬೇಗ ಎಲ್ಲಿಗೆ ಹೊರಟೆ?"

"ವೋಟು ಹಾಕೋಕೆ ಅಪ್ಪಾ."

"ನಿಮ್ಮ ಎಲೆಕ್ಷನ್ ನವೆಂಬರಿಗಲ್ವಾ? ಇದ್ಯಾವ ವೋಟು ಈಗ?"

ಅಪ್ಪ ಮೇಷ್ಟ್ರಾಗಿದ್ದವರು. ಶಿರಾ ತಾಲ್ಲೂಕಿನ ಹಳ್ಳಿ ಶಾಲೆಗಳಲ್ಲಿ ಪಾಠ ಮಾಡಿದವರು. ಎಷ್ಟೋ ಚುನಾವಣೆಗಳಲ್ಲಿ ಪೆಟ್ಟಿಗೆ ಹೊತ್ತು ಡ್ಯೂಟಿ ಮಾಡಿದವರು. ಅವರಿಗೆ ಸುಮ್ನೆ ಏನೋ ಒಂದು ಹೇಳಿ ಮುಗಿಸೋಕೆ ಆಗಲ್ಲ. "ಇದು ಟಿಕೆಟ್ ಕೊಡೋ ಎಲೆಕ್ಷನ್ ಅಪ್ಪಾ. ಬಿ ಫಾರಂ ಯಾರಿಗೆ ಅಂತ ನಾವೇ ತೀರ್ಮಾನ ಮಾಡ್ತೀವಿ" ಅಂದೆ.

ಒಂದು ಕ್ಷಣ ಆ ಕಡೆಯಿಂದ ಮಾತಿಲ್ಲ. ಆಮೇಲೆ ಕೇಳಿದರು: "ಹೈಕಮಾಂಡ್ ಇಲ್ವಾ?"

"ಇದರಲ್ಲಿ ಇಲ್ಲ."

"ಅಂದ್ರೆ ಊರಿನವರೇ ಕೂತು ಟಿಕೆಟ್ ಕೊಡೋದು?"

"ಊರಿನವರೇ."

ಅವರ ದನಿಯಲ್ಲಿ ನಿಜವಾದ ಖುಷಿ ಇತ್ತು. ಟಿಕೆಟ್‌ಗಾಗಿ ಬೆಂಗಳೂರು, ದೆಹಲಿ ಸುತ್ತುವವರನ್ನು ನೋಡಿ ನೋಡಿ ಸಾಕಾಗಿದ್ದ ಮನುಷ್ಯ ಅವರು. ಪ್ರೈಮರಿ ಅನ್ನುವುದು ಇದೇ. ಪಕ್ಷದ ಅಭ್ಯರ್ಥಿ ಯಾರು ಅನ್ನುವುದನ್ನು ಪಕ್ಷದ ನಾಯಕರಲ್ಲ, ಮತದಾರರೇ ಬ್ಯಾಲಟ್ ಮೂಲಕ ಹೇಳುವುದು. ಒಳ್ಳೆಯ ಯೋಚನೆ. ಆದರೆ ಇಲ್ಲಿ ಇಷ್ಟು ವರ್ಷ ಇದ್ದು ನೋಡಿದ ಮೇಲೆ ನನಗೆ ಇದರ ಇನ್ನೊಂದು ಮುಖವೂ ಕಂಡಿದೆ. ಅದನ್ನೇ ಬರೆಯಬೇಕು ಅಂತ ಇದೆ. ಬಹುಪಾಲು ಕ್ಷೇತ್ರಗಳಲ್ಲಿ ಚುನಾವಣೆ ನಡೆಯುವುದು ಆಗಸ್ಟ್‌ನಲ್ಲಿ. ನವೆಂಬರ್‌ನಲ್ಲಿ ನಡೆಯುವುದು ಅದರ ಮುದ್ರೆ ಒತ್ತುವ ಕೆಲಸ ಅಷ್ಟೆ. ಯಾವ ಕ್ಷೇತ್ರ ಹಾಗಾಗುತ್ತದೆ ಅನ್ನುವುದು ನಕ್ಷೆಯ ಮೇಲೆ ಯಾರು, ಎಲ್ಲಿ ಗೆರೆ ಎಳೆದರು ಅನ್ನುವುದರಲ್ಲಿದೆ.

ನಾನಿರುವುದು ಮಿಷಿಗನ್ ರಾಜ್ಯದಲ್ಲಿ, ಡೆಟ್ರಾಯಿಟ್ ನಗರದ ಹೊರವಲಯದ ಫಾರ್ಮಿಂಗ್ಟನ್ ಹಿಲ್ಸ್‌ನಲ್ಲಿ. ಕಾರು ಕಂಪನಿಗಳ ಸುತ್ತ ಬೆಳೆದ ಪ್ರದೇಶ ಇದು. ಈ ಕಡೆ ಕನ್ನಡದವರು ಸಾಕಷ್ಟು ಇದ್ದಾರೆ. ಪಂಪ ಕನ್ನಡ ಕೂಟದ ಯುಗಾದಿಗೆ ಹೋದರೆ ಹಾಸನ, ದಾವಣಗೆರೆ, ಹುಬ್ಬಳ್ಳಿ ಎಲ್ಲಾ ಕಡೆಯ ಮಾತು ಕಿವಿಗೆ ಬೀಳುತ್ತದೆ. ಅಲ್ಲಿ ಊಟದ ಪಂಕ್ತಿಯಲ್ಲಿ ಅಧ್ಯಕ್ಷರ ಚುನಾವಣೆ ಬಗ್ಗೆ ಜೋರು ಚರ್ಚೆ ನಡೆಯುತ್ತದೆ. ಆಗಸ್ಟ್‌ನ ವೋಟಿನ ಬಗ್ಗೆ ಕೇಳಿದರೆ ಮುಕ್ಕಾಲು ಜನ "ಅದಕ್ಕೆ ನಾನು ಹೋಗಿಲ್ಲ" ಅನ್ನುತ್ತಾರೆ. ನಮ್ಮವರು ಮಾತ್ರ ಅಲ್ಲ. 2022ರಲ್ಲಿ ಮಿಷಿಗನ್‌ನಲ್ಲಿ ಆಗಸ್ಟ್‌ನಲ್ಲಿ ಮತ ಹಾಕಿದವರು ಸುಮಾರು 21 ಲಕ್ಷ. ಅದೇ ನವೆಂಬರ್‌ನಲ್ಲಿ ಸುಮಾರು 45 ಲಕ್ಷ. ಅರ್ಧಕ್ಕಿಂತ ಕಡಿಮೆ ಜನ ಟಿಕೆಟ್ ಹಂಚಿದರು.

ನನ್ನ ಮೊದಲ ಪ್ರೈಮರಿ 2014ರದ್ದು. ಪೌರತ್ವ ಬಂದು ಹೆಚ್ಚು ದಿನ ಆಗಿರಲಿಲ್ಲ. ಮಿಷಿಗನ್‌ನಲ್ಲಿ ನೀವು ಯಾವ ಪಕ್ಷದವರು ಅಂತ ಎಲ್ಲೂ ಬರೆಸಬೇಕಿಲ್ಲ. ಆಗಸ್ಟ್‌ನ ಬ್ಯಾಲಟ್ ಒಂದೇ ಹಾಳೆ. ಒಂದು ಕಡೆ ಡೆಮಾಕ್ರಟಿಕ್ ಪಕ್ಷದ ಸಾಲು, ಇನ್ನೊಂದು ಕಡೆ ರಿಪಬ್ಲಿಕನ್ ಪಕ್ಷದ ಸಾಲು. ಯಾವುದಾದರೂ ಒಂದರಲ್ಲಿ ಮಾತ್ರ ಗುರುತು ಹಾಕಬೇಕು. ನಾನು ಒಳ್ಳೆಯವರು ಅನ್ನಿಸಿದವರನ್ನೆಲ್ಲ ಎರಡೂ ಕಡೆಯಿಂದ ಆರಿಸಿದೆ. ಹಾಳೆಯನ್ನು ಯಂತ್ರದೊಳಗೆ ಹಾಕಿದರೆ ಅದು ಹಿಂದಕ್ಕೆ ಉಗುಳಿತು. ಅಲ್ಲಿ ಕೂತಿದ್ದ ವಯಸ್ಸಾದ ಸ್ವಯಂಸೇವಕರು ತಾಳ್ಮೆಯಿಂದ ವಿವರಿಸಿ ಹೊಸ ಹಾಳೆ ಕೊಟ್ಟರು. ಮತ್ತೆ ಕೂತು, ಒಂದೇ ಸಾಲಿನಲ್ಲಿ ಒಂದೊಂದೇ ಗುಂಡಿ ತುಂಬಿದೆ. ಒಂದು ಬೆಳಿಗ್ಗೆ ಒಂದು ಪಕ್ಷದ ಜಗಳದಲ್ಲಿ ಮಾತ್ರ ನಿನಗೆ ಮಾತು ಅಂತ ಆ ಯಂತ್ರ ನನಗೆ ಕಲಿಸಿತು.

ಎಲ್ಲಾ ರಾಜ್ಯಗಳಲ್ಲೂ ಹೀಗಿಲ್ಲ. ನ್ಯೂಯಾರ್ಕ್, ಪೆನ್ಸಿಲ್ವೇನಿಯಾಗಳಲ್ಲಿ ಪಕ್ಷದಲ್ಲಿ ಹೆಸರು ಬರೆಸಿದವರಿಗೆ ಮಾತ್ರ ಆ ಪಕ್ಷದ ಪ್ರೈಮರಿ. ಕ್ಯಾಲಿಫೋರ್ನಿಯಾದಲ್ಲಿ ಎಲ್ಲರೂ ಒಂದೇ ಪಟ್ಟಿಯಲ್ಲಿ ನಿಲ್ಲುತ್ತಾರೆ, ಮೊದಲ ಇಬ್ಬರು ನವೆಂಬರಿಗೆ ಹೋಗುತ್ತಾರೆ. ಟೆಕ್ಸಸ್, ಜಾರ್ಜಿಯಾಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಮತ ಯಾರಿಗೂ ಬರದಿದ್ದರೆ ಮೊದಲ ಇಬ್ಬರ ನಡುವೆ ಮತ್ತೊಂದು ಸುತ್ತು. ಮಿಷಿಗನ್‌ನಲ್ಲಿ ಆ ಎರಡನೇ ಸುತ್ತು ಇಲ್ಲ. ಎಷ್ಟೇ ಜನ ನಿಂತಿರಲಿ, ಎಲ್ಲರಿಗಿಂತ ಒಂದು ಮತ ಜಾಸ್ತಿ ಬಂದರೆ ಸಾಕು, ಟಿಕೆಟ್ ಅವರದ್ದು. ಈ ಮಾತು ನೆನಪಿರಲಿ. ಮುಂದೆ ಬೇಕಾಗುತ್ತದೆ.

ಈಗ ಗೆರೆಯ ವಿಷಯಕ್ಕೆ ಬರುತ್ತೇನೆ.

2012ರಿಂದ 2022ರವರೆಗೆ ಫಾರ್ಮಿಂಗ್ಟನ್ ಹಿಲ್ಸ್ ಕಾಂಗ್ರೆಸ್‌ನ 14ನೇ ಕ್ಷೇತ್ರದಲ್ಲಿತ್ತು. (ಇಲ್ಲಿ ಕಾಂಗ್ರೆಸ್ ಅಂದರೆ ಪಕ್ಷ ಅಲ್ಲ, ವಾಷಿಂಗ್ಟನ್‌ನ ಸಂಸತ್ತು. ಊರಿಗೆ ಫೋನ್ ಮಾಡಿದಾಗಲೆಲ್ಲ ಇದನ್ನು ಹೇಳಬೇಕಾಗುತ್ತದೆ.) ಆ ಕ್ಷೇತ್ರದ ನಕ್ಷೆಯನ್ನು ಮೊದಲ ಸಲ ನೋಡಿದಾಗ ಮುದ್ರಣ ದೋಷ ಅಂದುಕೊಂಡಿದ್ದೆ. ಡೆಟ್ರಾಯಿಟ್‌ನ ಪೂರ್ವದಲ್ಲಿ, ನೀರಿನ ದಂಡೆಯ ಶ್ರೀಮಂತ ಊರು ಗ್ರೋಸ್ ಪಾಯಿಂಟ್‌ನಲ್ಲಿ ಶುರು. ಅಲ್ಲಿಂದ ನಗರದೊಳಗೆ ನುಗ್ಗಿ, ಪಶ್ಚಿಮಕ್ಕೆ ತಿರುಗಿ, ಸೌತ್‌ಫೀಲ್ಡ್ ದಾಟಿ, ನಮ್ಮ ಮನೆಯ ಹತ್ತಿರ ಬಂದು, ಮತ್ತೆ ಉತ್ತರಕ್ಕೆ ಹೊರಳಿ ಪಾಂಟಿಯಾಕ್ ತನಕ. ಹಾವು ಹರಿದ ಹಾಗೆ. ಗ್ರೋಸ್ ಪಾಯಿಂಟ್‌ನವರಿಗೂ ಪಾಂಟಿಯಾಕ್‌ನವರಿಗೂ ಏನು ಸಂಬಂಧ? ಎರಡರ ನಡುವೆ ಇರುವ ನಮಗೂ ಅವರಿಗೂ ಏನು ಸಂಬಂಧ?

ಸಂಬಂಧ ಒಂದೇ. ಅಲ್ಲಿರುವ ಹೆಚ್ಚಿನವರು ಡೆಮಾಕ್ರಟಿಕ್ ಪಕ್ಷಕ್ಕೆ ಮತ ಹಾಕುವವರು.

ಲೆಕ್ಕ ಸರಳ. ಎದುರು ಪಕ್ಷದ ಮತದಾರರನ್ನೆಲ್ಲ ಕೆಲವೇ ಕ್ಷೇತ್ರಗಳಲ್ಲಿ ತುರುಕಿಬಿಟ್ಟರೆ ಅವರು ಅಲ್ಲಿ ಭಾರಿ ಅಂತರದಿಂದ ಗೆಲ್ಲುತ್ತಾರೆ. ಆ ಹೆಚ್ಚುವರಿ ಮತಗಳೆಲ್ಲ ವ್ಯರ್ಥ. ಉಳಿದವರನ್ನು ಅಲ್ಲಿಷ್ಟು ಇಲ್ಲಿಷ್ಟು ಒಡೆದು ಹಂಚಿದರೆ ಅವರು ಎಲ್ಲೂ ಗೆಲ್ಲುವುದಿಲ್ಲ. ತುರುಕುವುದು, ಒಡೆಯುವುದು. ಇವೆರಡೇ ಉಪಾಯ. ಇದಕ್ಕೆ ಗೆರಿಮ್ಯಾಂಡರಿಂಗ್ ಅನ್ನುತ್ತಾರೆ. 1812ರಲ್ಲಿ ಮ್ಯಾಸಚೂಸೆಟ್ಸ್ ರಾಜ್ಯದ ಗವರ್ನರ್ (ಇಲ್ಲಿ ಗವರ್ನರ್ ಅಂದರೆ ನಮ್ಮ ಮುಖ್ಯಮಂತ್ರಿ ಇದ್ದ ಹಾಗೆ, ಜನರೇ ಆರಿಸುವುದು) ಎಲ್‌ಬ್ರಿಡ್ಜ್ ಗೆರ್ರಿ ಸಹಿ ಹಾಕಿದ ನಕ್ಷೆಯ ಒಂದು ಕ್ಷೇತ್ರ ಸಾಲಮ್ಯಾಂಡರ್ ಅನ್ನುವ ಹಲ್ಲಿಯಂಥ ಪ್ರಾಣಿಯ ಹಾಗೆ ಕಂಡಿತಂತೆ. ಎರಡೂ ಹೆಸರು ಸೇರಿ ಈ ಪದ ಹುಟ್ಟಿತು. ಎರಡೂ ಪಕ್ಷಗಳು ಇದನ್ನು ಮಾಡಿವೆ. ಇಲಿನಾಯ್, ಮೇರಿಲ್ಯಾಂಡ್‌ಗಳಲ್ಲಿ ಡೆಮಾಕ್ರಟಿಕ್ ಪಕ್ಷ ಮಾಡಿತು. ಮಿಷಿಗನ್‌ನಲ್ಲಿ 2011ರಲ್ಲಿ ರಿಪಬ್ಲಿಕನ್ ಪಕ್ಷ ಮಾಡಿತು. ರಾಜ್ಯದ ಎರಡೂ ಸದನ, ಗವರ್ನರ್ ಹುದ್ದೆ ಆಗ ಅವರ ಕೈಯಲ್ಲಿದ್ದವು. ಹತ್ತು ವರ್ಷಕ್ಕೊಮ್ಮೆ ಜನಗಣತಿ ಆದ ಮೇಲೆ ಗೆರೆ ಮತ್ತೆ ಎಳೆಯಬೇಕು. ಆಗ ಇಲ್ಲಿ ಎಳೆಯುತ್ತಿದ್ದವರು ಶಾಸಕರೇ.

ಇದನ್ನು ಹೇಳಿದಾಗ ಅಪ್ಪ ತಡೆದರು. "ನಿಂತು ಗೆಲ್ಲೋರೇ ಗೆರೆ ಎಳೀತಾರಾ?" ಅವರಿಗೆ ನಂಬೋಕೆ ಆಗಲಿಲ್ಲ. ಅದಕ್ಕೆ ಕಾರಣವಿದೆ. ನಮ್ಮ ಮನೆ ಇದ್ದದ್ದು ಕಳ್ಳಂಬೆಳ್ಳ ವಿಧಾನಸಭಾ ಕ್ಷೇತ್ರದಲ್ಲಿ. 2008ರ ಮರುವಿಂಗಡಣೆಯಲ್ಲಿ ಆ ಕ್ಷೇತ್ರವೇ ಇಲ್ಲವಾಯಿತು. ಊರಿನವರಿಗೆ ಬೇಜಾರಾಯಿತು, ನಿಜ. ಆದರೆ ಆ ಗೆರೆ ಎಳೆದದ್ದು ಸುಪ್ರೀಂ ಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕುಲದೀಪ್ ಸಿಂಗ್ ಅವರ ಆಯೋಗ. ಶಾಸಕರು, ಸಂಸದರು ಅದರಲ್ಲಿ ಸಲಹೆ ಕೊಡಬಹುದಿತ್ತು. ಮತ ಹಾಕುವ ಹಕ್ಕು ಇರಲಿಲ್ಲ. "ಕ್ಷೇತ್ರ ಹೋಯ್ತು ಅಂತ ಬೈದ್ವಿ. ಯಾರೋ ಒಬ್ಬ ತನಗೆ ಬೇಕಾದ ಹಾಗೆ ಎಳ್ಕೊಂಡ ಅಂತ ಯಾರೂ ಬೈಲಿಲ್ಲ" ಅಂದರು ಅಪ್ಪ.

ಮಿಷಿಗನ್‌ನ ಆ ನಕ್ಷೆ ಏನು ಮಾಡಿತು ಅನ್ನುವುದಕ್ಕೆ 2012ರ ಫಲಿತಾಂಶ ಒಂದೇ ಸಾಕು. ರಾಜ್ಯದಲ್ಲಿ ಒಟ್ಟು ಕಾಂಗ್ರೆಸ್ ಮತಗಳಲ್ಲಿ ಡೆಮಾಕ್ರಟಿಕ್ ಪಕ್ಷಕ್ಕೇ ಜಾಸ್ತಿ ಬಂದವು. 14 ಸೀಟುಗಳಲ್ಲಿ ಅವರಿಗೆ ಸಿಕ್ಕಿದ್ದು 5. ಕೆಲವು ವರ್ಷಗಳ ನಂತರ ಒಂದು ಮೊಕದ್ದಮೆಯಲ್ಲಿ 2011ರ ಇಮೇಲ್‌ಗಳು ಹೊರಬಂದವು. ಡೆಟ್ರಾಯಿಟ್ ಸುತ್ತಲಿನ ಎದುರು ಪಕ್ಷದ ಮತದಾರರನ್ನು ಕಸ ಅಂತ ಕರೆದು, ಆ ಕಸವನ್ನೆಲ್ಲ ನಾಲ್ಕೇ ಕ್ಷೇತ್ರಗಳಿಗೆ ತುರುಕುವ ಮಾತು ಅದರಲ್ಲಿತ್ತು. ಆ ನಾಲ್ಕರಲ್ಲಿ ನನ್ನದೂ ಒಂದು. ಪತ್ರಿಕೆಯಲ್ಲಿ ಓದಿ ತುಂಬಾ ಹೊತ್ತು ಸುಮ್ಮನೆ ಕೂತಿದ್ದೆ. ಒಂದು ದೇಶದ ಪೌರಳಾಗಲು ಪರೀಕ್ಷೆ ಬರೆದು, ಕೈ ಎತ್ತಿ ಪ್ರಮಾಣ ಮಾಡಿ ಬಂದವಳನ್ನು ಯಾರೋ ಒಂದು ಕೋಣೆಯಲ್ಲಿ ಕೂತು ಕಸ ಅಂದಿದ್ದರು.

ಇನ್ನೊಂದು ಮಾತನ್ನೂ ಹೇಳಬೇಕು. 14ನೇ ಕ್ಷೇತ್ರ ಆಫ್ರಿಕನ್ ಅಮೆರಿಕನ್ನರೇ ಹೆಚ್ಚಿರುವ ಕ್ಷೇತ್ರವಾಗಿತ್ತು. 1965ರ ಮತದಾನ ಹಕ್ಕು ಕಾಯ್ದೆಯ ಪ್ರಕಾರ ಅಂಥ ಕ್ಷೇತ್ರಗಳನ್ನು ಕಾಪಾಡಬೇಕಿತ್ತು. ಡೆಟ್ರಾಯಿಟ್‌ನ ಜನಸಂಖ್ಯೆ 2000ದಲ್ಲಿ 9.5 ಲಕ್ಷ ಇದ್ದದ್ದು 2010ಕ್ಕೆ 7.1 ಲಕ್ಷಕ್ಕೆ ಇಳಿದಿತ್ತು. ಹಾಗಾಗಿ ಕ್ಷೇತ್ರ ಹೊರಗೆ ಚಾಚಲೇಬೇಕಿತ್ತು. ಈ ನಿಜವಾದ ಅಗತ್ಯದ ಜೊತೆಗೇ ತುರುಕುವ ಕೆಲಸವೂ ನಡೆಯಿತು. ಎರಡನ್ನೂ ಬಿಡಿಸಿ ನೋಡುವುದು ಸುಲಭ ಅಲ್ಲ.

2016ರ ನವೆಂಬರ್ 10. ಅಧ್ಯಕ್ಷರ ಚುನಾವಣೆ ಮುಗಿದು ಎರಡು ದಿನ. ಕೇಟಿ ಫೇಹಿ ಅನ್ನುವ 27 ವರ್ಷದ ಯುವತಿ ಫೇಸ್‌ಬುಕ್‌ನಲ್ಲಿ ಒಂದು ಚಿಕ್ಕ ಪೋಸ್ಟ್ ಹಾಕಿದರು. ಮಿಷಿಗನ್‌ನ ಗೆರಿಮ್ಯಾಂಡರಿಂಗ್ ಮೇಲೆ ಕೆಲಸ ಮಾಡಬೇಕು ಅಂತಿದ್ದೇನೆ, ಆಸಕ್ತಿ ಇದ್ದವರು ತಿಳಿಸಿ ಅಂತ. ಅವರು ಮರುಬಳಕೆಗೆ ಸಂಬಂಧಪಟ್ಟ ಒಂದು ಸಂಸ್ಥೆಯಲ್ಲಿ ಕೆಲಸ ಮಾಡುತ್ತಿದ್ದರು. ರಾಜಕೀಯದ ಅನುಭವ ಇರಲಿಲ್ಲ. ಆ ಪೋಸ್ಟಿನಿಂದ ಒಂದು ಚಳವಳಿಯೇ ಹುಟ್ಟಿತು. 33 ದಿನದಲ್ಲಿ 33 ಊರುಗಳಲ್ಲಿ ಸಭೆ ಮಾಡಿ ಜನರ ಅಭಿಪ್ರಾಯ ಕೇಳಿದರು. ರಾಜ್ಯದ ಸಂವಿಧಾನ ತಿದ್ದಲು 3 ಲಕ್ಷದ 15 ಸಾವಿರ ಸಹಿ ಬೇಕಿತ್ತು. ಸಂಬಳ ಕೊಟ್ಟು ಜನರನ್ನು ಇಟ್ಟುಕೊಳ್ಳದೆ, ಸ್ವಯಂಸೇವಕರಿಂದಲೇ 4 ಲಕ್ಷದ 25 ಸಾವಿರಕ್ಕೂ ಹೆಚ್ಚು ಸಹಿ ಕೂಡಿಸಿದರು.

ಅದರಲ್ಲಿ ನನ್ನದೂ ಒಂದು ಸಹಿ. ಫಾರ್ಮಿಂಗ್ಟನ್‌ನ ಶನಿವಾರದ ರೈತರ ಸಂತೆಯಲ್ಲಿ ಜೋಳದ ತೆನೆ ಆರಿಸುತ್ತಾ ನಿಂತಿದ್ದೆ. ಒಬ್ಬ ಹೆಂಗಸು ಕ್ಲಿಪ್‌ಬೋರ್ಡ್ ಹಿಡಿದು ಬಂದರು. ಆ ಹಾವಿನಂಥ 14ನೇ ಕ್ಷೇತ್ರದ ನಕ್ಷೆಯನ್ನು ರಟ್ಟಿಗೆ ಅಂಟಿಸಿಕೊಂಡಿದ್ದರು. "ನೀವು ಇಲ್ಲಿದ್ದೀರಿ" ಅಂತ ಬೆರಳಿಟ್ಟು ತೋರಿಸಿದರು. ಬೇರೆ ಏನೂ ಹೇಳಬೇಕಾಗಲಿಲ್ಲ.

2018ರ ನವೆಂಬರ್‌ನಲ್ಲಿ ನೂರಕ್ಕೆ 61 ಜನ ಹೌದು ಅಂದರು. ಗೆರೆ ಎಳೆಯುವ ಕೆಲಸ ಶಾಸಕರ ಕೈಯಿಂದ ಹೋಯಿತು. ಒಳ್ಳೆಯ ಸಮಯಕ್ಕೇ ಹೋಯಿತು. 2019ರ ಜೂನ್‌ನಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ 5-4ರ ತೀರ್ಪಿನಲ್ಲಿ, ಪಕ್ಷದ ಲಾಭಕ್ಕಾಗಿ ಗೆರೆ ಎಳೆದದ್ದನ್ನು ಕೇಂದ್ರದ ಕೋರ್ಟುಗಳು ವಿಚಾರಿಸುವುದಿಲ್ಲ ಅಂದುಬಿಟ್ಟಿತು. ಆ ಇಮೇಲ್‌ಗಳು ಹೊರಬಂದ ನಮ್ಮ ಮೊಕದ್ದಮೆಯೂ ಅಲ್ಲಿಗೇ ಬಿದ್ದುಹೋಯಿತು. ಜನ ತಾವೇ ಸಂವಿಧಾನ ತಿದ್ದಿಕೊಳ್ಳದೇ ಇದ್ದಿದ್ದರೆ ಬೇರೆ ದಾರಿಯೇ ಇರುತ್ತಿರಲಿಲ್ಲ.

ಹೊಸ ಆಯೋಗದಲ್ಲಿ 13 ಜನ. 4 ಡೆಮಾಕ್ರಟಿಕ್, 4 ರಿಪಬ್ಲಿಕನ್, 5 ಯಾವ ಪಕ್ಷಕ್ಕೂ ಸೇರದವರು. ರಾಜಕಾರಣಿಗಳು, ಅವರ ಹತ್ತಿರದ ನೆಂಟರು, ಲಾಬಿ ಮಾಡುವವರು ಬರುವ ಹಾಗಿಲ್ಲ. ಅರ್ಜಿ ಹಾಕಿದವರು 9 ಸಾವಿರಕ್ಕೂ ಜಾಸ್ತಿ. ಅವರಲ್ಲಿ 13 ಜನರನ್ನು ಆರಿಸಿದ್ದು ಚೀಟಿ ಎತ್ತಿದ ಹಾಗೆ, ಕಂಪ್ಯೂಟರಿನ ಅದೃಷ್ಟದಾಟದಲ್ಲಿ. ನನಗೆ ಇದು ತುಂಬಾ ಇಷ್ಟವಾಯಿತು. ಈ ಹದಿಮೂರು ಜನ ಊರೂರಲ್ಲಿ ಸಭೆ ಮಾಡಿದರು, ಯೂಟ್ಯೂಬಿನಲ್ಲಿ ಎಲ್ಲರೂ ನೋಡುವ ಹಾಗೆ ಕೂತು ಗೆರೆ ಎಳೆದರು. ಎಷ್ಟೋ ರಾತ್ರಿ ಪಾತ್ರೆ ತೊಳೆಯುತ್ತಾ ಅವರ ಸಭೆ ಕೇಳಿದ್ದೇನೆ. ಒಂದು ಬೀದಿಯನ್ನು ಈ ಕಡೆ ಸೇರಿಸುವುದೋ ಆ ಕಡೆಯೋ ಅಂತ ಗಂಟೆಗಟ್ಟಲೆ ಮಾತಾಡುತ್ತಿದ್ದರು. 2021ರ ಡಿಸೆಂಬರ್ 28ರಂದು ಮೂರು ನಕ್ಷೆಗಳನ್ನು ಒಪ್ಪಿದರು. ಅವಕ್ಕೆ ಮರಗಳ ಹೆಸರು. ಕಾಂಗ್ರೆಸ್‌ಗೆ ಚೆಸ್ಟ್‌ನಟ್, ರಾಜ್ಯದ ಮೇಲ್ಮನೆಯಾದ ಸೆನೆಟ್‌ಗೆ ಲಿಂಡನ್, ಕೆಳಮನೆಗೆ ಹಿಕರಿ.

ಫಲ ಕಂಡಿತು. 2022ರಲ್ಲಿ ರಾಜ್ಯದ ಕೆಳಮನೆ 56-54, ಸೆನೆಟ್ 20-18. ಡೆಮಾಕ್ರಟಿಕ್ ಪಕ್ಷಕ್ಕೆ ಎರಡೂ ಸದನ ಮತ್ತು ಗವರ್ನರ್ ಹುದ್ದೆ ಒಟ್ಟಿಗೆ ಸಿಕ್ಕಿದ್ದು ಸುಮಾರು 40 ವರ್ಷಗಳ ನಂತರ. ಎರಡೇ ವರ್ಷಕ್ಕೆ, 2024ರಲ್ಲಿ, ಜನ ಮನಸ್ಸು ಬದಲಿಸಿದರು. ಕೆಳಮನೆ 58-52ರಲ್ಲಿ ರಿಪಬ್ಲಿಕನ್ ಪಕ್ಷಕ್ಕೆ ಹೋಯಿತು. ನಾನು ಗೆಲ್ಲಲಿ ಅಂದುಕೊಂಡ ಪಕ್ಷ ಸೋತಿತು. ಆದರೂ ಆ ಸೋಲು ನನಗೆ ಒಪ್ಪಿಗೆ. ಜನ ಹೇಗೆ ತಿರುಗಿದರೋ ಸದನ ಹಾಗೆ ತಿರುಗಿತು. ಹಳೆಯ ನಕ್ಷೆಯಲ್ಲಿ ಅದು ತಿರುಗುತ್ತಲೇ ಇರಲಿಲ್ಲ.

ಇಷ್ಟಕ್ಕೆ ನಿಂತಿದ್ದರೆ ಇದು ಚೆನ್ನಾಗಿ ಮುಗಿದ ಕಥೆ. ಆದರೆ ಆ ಮಂಗಳವಾರ ಬೆಳಿಗ್ಗೆ ಅಪ್ಪನಿಗೆ ನಾನು ಹೇಳದೇ ಇದ್ದ ಒಂದು ವಿಷಯ ಇತ್ತು. ಆಗ ನನಗೇ ಅದು ಸರಿಯಾಗಿ ತಿಳಿದಿರಲಿಲ್ಲ.

2020ರ ಜನಗಣತಿಯ ನಂತರ ಮಿಷಿಗನ್ ಒಂದು ಸೀಟು ಕಳೆದುಕೊಂಡಿತು. 14 ಇದ್ದದ್ದು 13 ಆಯಿತು. ಎಪ್ಪತ್ತರ ದಶಕದಲ್ಲಿ ಈ ರಾಜ್ಯಕ್ಕೆ 19 ಸೀಟು ಇದ್ದವು. ಇಲ್ಲಿನ ಜನಸಂಖ್ಯೆ ಬೇರೆ ರಾಜ್ಯಗಳಷ್ಟು ವೇಗವಾಗಿ ಬೆಳೆಯಲಿಲ್ಲ, ಅಷ್ಟೇ ಕಾರಣ. ಲೋಕಸಭೆಯಲ್ಲಿ ದಕ್ಷಿಣದ ರಾಜ್ಯಗಳ ಪಾಲು ಕಡಿಮೆಯಾಗುತ್ತದೆ ಅಂತ ಊರಿನಲ್ಲಿ ಈಗ ನಡೆಯುತ್ತಿರುವ ಚರ್ಚೆ ಓದಿದಾಗಲೆಲ್ಲ ನನಗೆ ಈ 19 ಮತ್ತು 13 ನೆನಪಾಗುತ್ತದೆ. ಇಲ್ಲಿ ಹತ್ತು ವರ್ಷಕ್ಕೊಮ್ಮೆ ಇದು ನಡೆದೇ ನಡೆಯುತ್ತದೆ. ಯಾರೂ ತಡೆಯುವುದಿಲ್ಲ.

ಸೀಟು ಕಡಿಮೆಯಾದಾಗ ಕೂತವರು ಒಬ್ಬರ ಮೇಲೊಬ್ಬರು ಬೀಳುತ್ತಾರೆ. ನಮ್ಮ ಊರು ಹೊಸ 11ನೇ ಕ್ಷೇತ್ರಕ್ಕೆ ಬಂತು. ಅಲ್ಲಿ ಡೆಮಾಕ್ರಟಿಕ್ ಪಕ್ಷದ ಇಬ್ಬರು ಹಾಲಿ ಸದಸ್ಯರು ಒಂದೇ ಟಿಕೆಟಿಗೆ ನಿಂತರು. ಹೇಲಿ ಸ್ಟೀವನ್ಸ್ ಮತ್ತು ಆಂಡಿ ಲೆವಿನ್. ಆ ಮಂಗಳವಾರ ನಾನು ಹಾಕಲು ಹೊರಟಿದ್ದ ವೋಟು ಅದೇ. ಸ್ಟೀವನ್ಸ್ ಸುಲಭವಾಗಿ ಗೆದ್ದರು. ನವೆಂಬರ್ ಹೊತ್ತಿಗೆ ನಮ್ಮ ಬೀದಿಯಲ್ಲಿ ಒಂದು ಬೋರ್ಡ್ ಕೂಡ ಇರಲಿಲ್ಲ. ಎಲ್ಲರಿಗೂ ಗೊತ್ತಿತ್ತು, ಮುಗಿದಿದೆ ಅಂತ.

ಪಕ್ಕದ 13ನೇ ಕ್ಷೇತ್ರದ ವಿಷಯವನ್ನು ಅಪ್ಪನೇ ನನಗೆ ಹೇಳಿದ್ದು. ಎರಡು ದಿನ ಬಿಟ್ಟು ಫೋನ್ ಮಾಡಿದರು. "ನಿಮ್ಮ ಕಡೆ ಬೆಳಗಾವಿಯವರೊಬ್ಬರು ಗೆದ್ದರಂತಲ್ಲ!" ಶ್ರೀ ಥಾಣೇದಾರ್. ಬೆಳಗಾವಿಯಲ್ಲಿ ಬೆಳೆದು, 1979ರಲ್ಲಿ ಓದಲು ಅಮೆರಿಕಕ್ಕೆ ಬಂದು, ರಸಾಯನಶಾಸ್ತ್ರದಲ್ಲಿ ಡಾಕ್ಟರೇಟ್ ಮಾಡಿ, ಉದ್ಯಮ ಕಟ್ಟಿದವರು. 2018ರಲ್ಲಿ ಗವರ್ನರ್ ಟಿಕೆಟಿಗೆ ನಿಂತು ಮೂರನೇ ಸ್ಥಾನಕ್ಕೆ ಬಂದಿದ್ದರು. ಈಗ ಡೆಟ್ರಾಯಿಟ್‌ನ ಪ್ರೈಮರಿ ಗೆದ್ದಿದ್ದರು. ಪ್ರಚಾರಕ್ಕೆ ಹೆಚ್ಚಾಗಿ ತಮ್ಮದೇ ಹಣ ಹಾಕಿದ್ದರು. ಕರ್ನಾಟಕದಲ್ಲಿ ಹುಟ್ಟಿದ ಒಬ್ಬರು ಅಮೆರಿಕದ ಸಂಸತ್ತಿಗೆ ಹೋಗುತ್ತಾರೆ ಅಂದರೆ ನಮಗೆ ಹೆಮ್ಮೆ ಆಗುವುದು ಸಹಜ ಅಲ್ವಾ? ನನಗೂ ಆಯಿತು. ನಮ್ಮ ವಾಟ್ಸ್ಯಾಪ್ ಗುಂಪಿನಲ್ಲಿ ಅಭಿನಂದನೆಗಳ ಮಳೆ ಸುರಿಯಿತು.

ಮಾರನೇ ದಿನ ಆಫೀಸಿನಲ್ಲಿ ನನ್ನ ಸಹೋದ್ಯೋಗಿಯೊಬ್ಬರ ಹತ್ತಿರ ಆ ಖುಷಿ ಹಂಚಿಕೊಂಡೆ. ಅವರು ಡೆಟ್ರಾಯಿಟ್‌ನಲ್ಲೇ ಹುಟ್ಟಿ ಬೆಳೆದ ಆಫ್ರಿಕನ್ ಅಮೆರಿಕನ್ ಮಹಿಳೆ. ನನಗಿಂತ ಹತ್ತು ವರ್ಷ ದೊಡ್ಡವರು. "ನಿಮ್ಮ ಊರಿನವರ ಮೇಲೆ ನನಗೆ ಯಾವ ಸಿಟ್ಟೂ ಇಲ್ಲ" ಅಂದರು. ಸ್ವಲ್ಪ ಹೊತ್ತು ಬಿಟ್ಟು ಹೇಳಿದರು, "ಆದರೆ ಎಷ್ಟು ಮತದಲ್ಲಿ ಗೆದ್ದರು ಅಂತ ನೋಡಿದ್ರಾ?"

ನೋಡಿರಲಿಲ್ಲ. ಆಮೇಲೆ ನೋಡಿದೆ. ಒಂಬತ್ತು ಜನ ನಿಂತಿದ್ದರು. ಥಾಣೇದಾರ್ ಅವರಿಗೆ ನೂರಕ್ಕೆ ಸುಮಾರು 28. ಎರಡನೆಯವರು ರಾಜ್ಯದ ಸೆನೆಟರ್ ಆಡಮ್ ಹಾಲಿಯರ್. ಆಫ್ರಿಕನ್ ಅಮೆರಿಕನ್ ಅಭ್ಯರ್ಥಿಗಳು ಹಲವರಿದ್ದರು, ಅವರ ನಡುವೆ ಮತ ಹಂಚಿಹೋಯಿತು. ಎರಡನೇ ಸುತ್ತು ಇಲ್ಲ. ನವೆಂಬರ್‌ನಲ್ಲಿ ಆ ಕ್ಷೇತ್ರದಲ್ಲಿ ರಿಪಬ್ಲಿಕನ್ ಪಕ್ಷ ಗೆಲ್ಲುವ ಮಾತೇ ಇಲ್ಲ. ಅಂದರೆ ಆಗಸ್ಟ್‌ನಲ್ಲಿ ಮತ ಹಾಕಿದ ಸ್ವಲ್ಪ ಜನರಲ್ಲಿ ಕಾಲುಭಾಗಕ್ಕಿಂತ ಒಂಚೂರು ಜಾಸ್ತಿ ಮತ ಪಡೆದವರು ಸಂಸತ್ತಿಗೆ ಹೋದರು. ಇದರಲ್ಲಿ ಅವರ ತಪ್ಪೇನೂ ಇಲ್ಲ. ಇದ್ದ ನಿಯಮದಲ್ಲಿ ಆಡಿ ಗೆದ್ದರು. ಆದರೆ 1955ರಲ್ಲಿ ಚಾರ್ಲ್ಸ್ ಡಿಗ್ಸ್ ಕಾಂಗ್ರೆಸ್‌ಗೆ ಹೋದಾಗಿನಿಂದ ಡೆಟ್ರಾಯಿಟ್‌ಗೆ ಅಲ್ಲಿ ಒಬ್ಬರಾದರೂ ಆಫ್ರಿಕನ್ ಅಮೆರಿಕನ್ ಸದಸ್ಯರು ಇರುತ್ತಿದ್ದರು. ಮುಕ್ಕಾಲು ಪಾಲಿಗಿಂತ ಹೆಚ್ಚು ಜನ ಆಫ್ರಿಕನ್ ಅಮೆರಿಕನ್ನರೇ ಇರುವ ನಗರ ಅದು. ಸುಮಾರು ಎಪ್ಪತ್ತು ವರ್ಷದಲ್ಲಿ ಮೊದಲ ಸಲ ಒಬ್ಬರೂ ಇಲ್ಲದಂತಾಯಿತು.

ನನ್ನ ಸಹೋದ್ಯೋಗಿಗೆ ಇನ್ನೂ ಹತ್ತಿರದ ನೋವು ಇದ್ದದ್ದು ರಾಜ್ಯದ ಸದನಗಳ ಗೆರೆಯಲ್ಲಿ. ಡೆಟ್ರಾಯಿಟ್ ನಗರದ ಉತ್ತರದ ಗಡಿ ಎಯ್ಟ್ ಮೈಲ್ ರಸ್ತೆ. ಆ ರಸ್ತೆಯ ಈ ಕಡೆ ಬಹುಪಾಲು ಕಪ್ಪು ಜನ, ಆ ಕಡೆ ಹೆಚ್ಚಾಗಿ ಬಿಳಿಯರ ಉಪನಗರಗಳು. ಅದು ಬರೀ ರಸ್ತೆ ಅಲ್ಲ, ಹತ್ತಾರು ವರ್ಷಗಳ ಕಹಿ. ಹೊಸ ಆಯೋಗ ನಗರವನ್ನು ಕುಂಬಳಕಾಯಿ ಹೆಚ್ಚಿದ ಹಾಗೆ ಉದ್ದುದ್ದ ಹೋಳು ಮಾಡಿತು. ಒಂದೊಂದು ಹೋಳನ್ನೂ ಎಯ್ಟ್ ಮೈಲ್ ದಾಟಿಸಿ ಉಪನಗರಕ್ಕೆ ಜೋಡಿಸಿತು. ಕಾರಣ ಕೆಟ್ಟದ್ದಾಗಿರಲಿಲ್ಲ. ಹಳೆಯ ನಕ್ಷೆಯಲ್ಲಿ ಡೆಟ್ರಾಯಿಟ್‌ನ ಮತಗಳನ್ನು ತುರುಕಿ ವ್ಯರ್ಥ ಮಾಡಿದ್ದರು. ಆ ಮತಗಳನ್ನು ಹೊರಗೆ ಹರಡಿದರೆ ಎರಡು ಪಕ್ಷಗಳ ನಡುವೆ ತಕ್ಕಡಿ ಸಮವಾಗುತ್ತದೆ. ಸಂವಿಧಾನದಲ್ಲೂ ಹಾಗೇ ಬರೆದಿತ್ತು. ಯಾವ ಪಕ್ಷಕ್ಕೂ ಅನ್ಯಾಯ ಆಗಬಾರದು ಅಂತ.

ಆಯೋಗಕ್ಕೆ ಸಲಹೆ ಕೊಟ್ಟ ತಜ್ಞರು ನವೆಂಬರ್ ಚುನಾವಣೆಗಳ ಅಂಕಿಗಳನ್ನು ನೋಡಿದರು. ಕ್ಷೇತ್ರದಲ್ಲಿ ಕಪ್ಪು ಮತದಾರರು ನೂರಕ್ಕೆ 40ರ ಆಸುಪಾಸು ಇದ್ದರೂ ಸಾಕು, ಅವರಿಗೆ ಬೇಕಾದವರು ಗೆಲ್ಲುತ್ತಾರೆ ಅಂತ ಲೆಕ್ಕ ಬಂತು. ನವೆಂಬರಿಗೆ ಅದು ಸರಿ. ಅಲ್ಲಿ ಕಪ್ಪು ಮತದಾರರೂ ಬಿಳಿ ಡೆಮಾಕ್ರಟಿಕ್ ಮತದಾರರೂ ಒಂದೇ ಅಭ್ಯರ್ಥಿಗೆ ಮತ ಹಾಕುತ್ತಾರೆ. ಆಗಸ್ಟ್‌ನಲ್ಲಿ? ಆಗ ಅದೇ ಇಬ್ಬರೂ ಎದುರುಬದುರು. ಉಪನಗರದವರು ಆಗಸ್ಟ್‌ನಲ್ಲಿ ಜಾಸ್ತಿ ಬಂದು ಮತ ಹಾಕುತ್ತಾರೆ. ಡೆಟ್ರಾಯಿಟ್‌ನವರು ಕಡಿಮೆ. ಆ ಕ್ಷೇತ್ರಗಳಲ್ಲಿ ನಿಜವಾದ ಚುನಾವಣೆ ಆಗಸ್ಟ್‌ನದ್ದೇ ಆಗಿರುವಾಗ, ಅದರ ಅಂಕಿಗಳೇ ಆಯೋಗದ ಮುಂದೆ ಸರಿಯಾಗಿ ಇರಲಿಲ್ಲ.

2021ರ ಶರತ್ಕಾಲದಲ್ಲಿ ಆಯೋಗ ಡೆಟ್ರಾಯಿಟ್‌ನಲ್ಲಿ ಸಭೆ ಕರೆದಾಗ ಜನ ಸಾಲುಗಟ್ಟಿ ನಿಂತು ಇದನ್ನೇ ಹೇಳಿದ್ದರು. ನನ್ನ ಸಹೋದ್ಯೋಗಿಯೂ ಹೋಗಿದ್ದರಂತೆ. ನಾನು ಅದನ್ನು ಯೂಟ್ಯೂಬಿನಲ್ಲಿ ನೋಡಿದ್ದೆ. ಪಾತ್ರೆ ತೊಳೆಯುತ್ತಾ ಕೇಳಿದ್ದೆ. ಹಳೆಯ ಪದ್ಧತಿಗೆ ಅಂಟಿಕೊಂಡವರ ಮಾತು ಅಂದುಕೊಂಡು ಮುಂದಕ್ಕೆ ಹೋಗಿದ್ದೆ. ಸಹಿ ಹಾಕಿ, ವೋಟು ಹಾಕಿ ತಂದ ಆಯೋಗ ಅದು. ನನ್ನದು ಅನ್ನುವ ಅಭಿಮಾನ. ಅದು ತಪ್ಪು ಮಾಡಬಹುದು ಅಂತ ಕೇಳಿಸಿಕೊಳ್ಳಲು ನಾನು ತಯಾರಿರಲಿಲ್ಲ. ಇದನ್ನು ಬರೆಯುವಾಗ ಈಗಲೂ ಹೊಟ್ಟೆಯಲ್ಲಿ ಒಂಥರಾ ಆಗುತ್ತದೆ.

ಡೆಟ್ರಾಯಿಟ್‌ನ ಕೆಲವು ನಿವಾಸಿಗಳು ಕೋರ್ಟಿಗೆ ಹೋದರು. 2023ರ ಡಿಸೆಂಬರ್‌ನಲ್ಲಿ ಮೂವರು ನ್ಯಾಯಾಧೀಶರ ಪೀಠ ತೀರ್ಪು ಕೊಟ್ಟಿತು. ಡೆಟ್ರಾಯಿಟ್ ಸುತ್ತಲಿನ 13 ಕ್ಷೇತ್ರಗಳ ಗೆರೆಗಳನ್ನು ಜನಾಂಗ ನೋಡಿಯೇ ಎಳೆಯಲಾಗಿದೆ, ಇದು ಸಂವಿಧಾನಕ್ಕೆ ವಿರುದ್ಧ ಅಂತ. ಕೆಳಮನೆಯ 7, ಸೆನೆಟ್‌ನ 6. ನಾನು ತೀರ್ಪಿನ ಬಹುಭಾಗ ಓದಿದೆ. ನವೆಂಬರ್‌ನ ಅಂಕಿ ಇಟ್ಟುಕೊಂಡು ಆಗಸ್ಟ್‌ನ ಭವಿಷ್ಯ ಹೇಳಿದ್ದೇ ಅಲ್ಲಿ ಮತ್ತೆ ಮತ್ತೆ ಬರುತ್ತದೆ. ಆಫೀಸಿನ ಕಾಫಿ ಯಂತ್ರದ ಹತ್ತಿರ ನನ್ನ ಸಹೋದ್ಯೋಗಿ ಒಂದೇ ಮಾತಿನಲ್ಲಿ ಹೇಳಿದ್ದನ್ನು ನ್ಯಾಯಾಧೀಶರು ನೂರಕ್ಕೂ ಹೆಚ್ಚು ಪುಟದಲ್ಲಿ ಹೇಳಿದ್ದರು.

ಇಷ್ಟಾದರೂ ನಾನು ಆ ಆಯೋಗದ ಪರವೇ. ಬೇರೆ ರಾಜ್ಯಗಳಲ್ಲಿ ಏನಾಗುತ್ತಿದೆ ನೋಡಿ. 2025ರಲ್ಲಿ ಟೆಕ್ಸಸ್ ಶಾಸಕರು ಜನಗಣತಿಗೆ ಕಾಯದೆ, ದಶಕದ ಮಧ್ಯದಲ್ಲೇ ಹೊಸ ನಕ್ಷೆ ಮಾಡಿದರು. ರಿಪಬ್ಲಿಕನ್ ಪಕ್ಷಕ್ಕೆ ಇನ್ನೂ ಐದು ಸೀಟು ಸಿಗಲಿ ಅಂತ. ಅದಕ್ಕೆ ಉತ್ತರವಾಗಿ ಕ್ಯಾಲಿಫೋರ್ನಿಯಾದವರು ನವೆಂಬರ್‌ನಲ್ಲಿ ಮತ ಹಾಕಿ, ತಮ್ಮದೇ ಸ್ವತಂತ್ರ ಆಯೋಗದ ನಕ್ಷೆಯನ್ನು ಕೆಲವು ವರ್ಷ ಬದಿಗಿಟ್ಟು, ಡೆಮಾಕ್ರಟಿಕ್ ಪಕ್ಷಕ್ಕೆ ಅನುಕೂಲವಾದದ್ದನ್ನು ತಂದರು. ಒಬ್ಬರು ಮಾಡಿದರು ಅಂತ ಇನ್ನೊಬ್ಬರು. ಎರಡೂ ಕಡೆ ಎಷ್ಟೊಂದು ಕ್ಷೇತ್ರಗಳಲ್ಲಿ ನವೆಂಬರ್ ಅನ್ನುವುದೇ ಅರ್ಥ ಕಳೆದುಕೊಳ್ಳುತ್ತದೆ. ಮಿಷಿಗನ್‌ನಲ್ಲಿ ಹಾಗೆ ಮಾಡಲು ಶಾಸಕರಿಗೆ ಅಧಿಕಾರ ಇಲ್ಲ. ನಮ್ಮ ಆಯೋಗದ ತಪ್ಪು ಎಲ್ಲರೂ ನೋಡುವ ಜಾಗದಲ್ಲಿ ನಡೆಯಿತು. ಹಾಗಾಗಿ ಅದನ್ನು ಹಿಡಿಯಲೂ ಸಾಧ್ಯವಾಯಿತು. 2011ರ ಇಮೇಲ್‌ಗಳು ಹೊರಬರಲು ಏಳು ವರ್ಷ ಬೇಕಾಗಿತ್ತು.

ಕೋರ್ಟು ಹೇಳಿದ ಮೇಲೆ ಅದೇ ಆಯೋಗ ಮತ್ತೆ ಕೂತು ಕೆಳಮನೆಯ ಗೆರೆ ತಿದ್ದಿತು. ಹೊಸ ನಕ್ಷೆಗೆ ಮೋಟೌನ್ ಸೌಂಡ್ ಅಂತ ಹೆಸರು, ಡೆಟ್ರಾಯಿಟ್‌ನ ಸಂಗೀತದ ನೆನಪಿಗೆ. ಅದು 2024ರ ಆಗಸ್ಟ್ 6ಕ್ಕೆ ಬಳಕೆಗೆ ಬಂತು. ಅವತ್ತು ಮಧ್ಯಾಹ್ನ ನನ್ನ ಸಹೋದ್ಯೋಗಿ ವೋಟು ಹಾಕಿ ಬಂದು, ಅಂಗಿಯ ಮೇಲೆ ಆ ಚಿಕ್ಕ ಸ್ಟಿಕ್ಕರ್ ಅಂಟಿಸಿಕೊಂಡೇ ಮೀಟಿಂಗಿಗೆ ಕೂತರು. ನನ್ನದೂ ಆಗಿತ್ತು, ಬೆಳಿಗ್ಗೆಯೇ. ಊರಿಗೆ ಫೋನ್ ಮಾಡಿದಾಗ ಅಪ್ಪ ಈ ಸಲ ಯಾವ ವೋಟು ಅಂತ ಕೇಳಲಿಲ್ಲ. "ಟಿಕೆಟ್ ಯಾರಿಗೆ ಕೊಟ್ಟೆ?" ಅಂತ ಕೇಳಿದರು.

ಸೆನೆಟ್‌ನದ್ದು ಮಾತ್ರ ಬಾಕಿ ಉಳಿಯಿತು. ಮಿಷಿಗನ್‌ನಲ್ಲಿ ರಾಜ್ಯದ ಸೆನೆಟರ್‌ಗಳಿಗೆ ನಾಲ್ಕು ವರ್ಷದ ಅವಧಿ. ಕೋರ್ಟು ತಪ್ಪು ಅಂದ ಗೆರೆಗಳಲ್ಲಿ 2022ರಲ್ಲಿ ಗೆದ್ದವರೇ 2026ರ ಕೊನೆಯವರೆಗೂ ಅಲ್ಲಿರುತ್ತಾರೆ. ನನ್ನ ಸಹೋದ್ಯೋಗಿಯ ಮನೆ ಇರುವುದು ಅಂಥ ಒಂದು ಕ್ಷೇತ್ರದಲ್ಲಿ. ತಿದ್ದಿದ ಸೆನೆಟ್ ನಕ್ಷೆಯಲ್ಲಿ ಅವರು ಮೊದಲ ಸಲ ಮತ ಹಾಕುವುದು 2026ರ ಆಗಸ್ಟ್ 4ರಂದು. ಅವರ ಮೇಜಿನ ಕ್ಯಾಲೆಂಡರಿನಲ್ಲಿ ಆ ಮಂಗಳವಾರಕ್ಕೆ ಈಗಾಗಲೇ ಕೆಂಪು ಶಾಯಿಯಲ್ಲಿ ಸುತ್ತು ಹಾಕಿದ್ದಾರೆ.